ಮೊದಲನೆಯ ಸ್ಥಾನ ಬಿಳಿ ಕಣಿವೆಗೆ

ಹಿಜುಮೆಯ ಹೆಸರು ಕೇಳಿದರೆ ಈಗಲೂ ನನ್ನ ಹೊಟ್ಟೆಗೆ ಬೆಂಕಿ ಬೀಳುತ್ತದೆ. ಆದರೂ ಇಪ್ಪತ್ತಾರು ವರ್ಷದಿಂದ ಆ ಮನುಷ್ಯನನ್ನು ಅಚ್ಚಿನಲ್ಲಿ ಹೊಗಳುತ್ತಾ ಬಂದವಳು ನಾನೇ. ನಾನು ಕೆಲಸ ಮಾಡುವುದು ರಾಯ್‌ಗಿನ್ ಪತ್ರಿಕೆಯಲ್ಲಿ. ಬೆಳ್ಳಿ ಮುಖವಾಡ ಹಾಕಿಕೊಂಡು ಭಾನುವಾರ ಬೆಳಗ್ಗೆ ಟಿವಿಯಲ್ಲಿ ರಾಕ್ಷಸರನ್ನು ಒದೆಯುತ್ತಾನಲ್ಲ, ಆ ವೀರನದೇ ಪತ್ರಿಕೆ. ನಲವತ್ತು ವರ್ಷದಲ್ಲಿ ಅವನ ಹತ್ತೊಂಬತ್ತು ಸರಣಿ, ಹನ್ನೆರಡು ಸಿನಿಮಾ ಬಂದಿವೆ. ಅದರಲ್ಲಿ ಐದು ಸಿನಿಮಾ ಹಿಜುಮೆ ನಿರ್ದೇಶಿಸಿದವು. ಆ ಐದರಲ್ಲಿ ಒಂದು ನನ್ನ ಅಣ್ಣನ ಸೊಂಟ ಮುರಿದದ್ದು. ಅದರ ಹೆಸರು 'ಬಿಳಿ ಕಣಿವೆ'.

ಏಪ್ರಿಲ್‌ನ ಒಂದು ಬೆಳಗ್ಗೆ ಸಂಪಾದಕ ಮಿನೊವಾ ನನ್ನ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡು ಕೂತ. ನನಗಿಂತ ಹದಿನೈದು ವರ್ಷ ಚಿಕ್ಕವನು, ಕೋಟಿನ ಮೇಲೆ ಯಾವಾಗಲೂ ರಾಯ್‌ಗಿನ್ ಪಿನ್ನು.

"ಸುಮಿಯೆ ಮೇಡಂ, ನಲವತ್ತನೇ ವರ್ಷದ ಪುಸ್ತಕ ಮಾಡ್ತಿದ್ದೀವಿ. ಮೂವತ್ತೊಂದನ್ನೂ ಸಾಲಾಗಿ ನಿಲ್ಲಿಸ್ಬೇಕು, ಯಾವುದು ಮೊದಲು ಯಾವುದು ಕೊನೆ ಅಂತ. ಅರ್ಧ ಅಭಿಮಾನಿಗಳ ಓಟು, ಇನ್ನರ್ಧ ಐದು ಜನ ತೀರ್ಪುಗಾರರದು. ನೀವೂ ಒಬ್ರು."

"ಅಂದ್ರೆ ನಾನು ಯಾವುದನ್ನ ಬೇಕಾದ್ರೂ ಕೊನೆಗೆ ತಳ್ಳಬಹುದು."

"ತಳ್ಳಿ. ಆದ್ರೆ ಕೊನೇದಕ್ಕೆ ಹಬ್ಬ ಮೇಡಂ! ಮೂವತ್ತನೇ ವರ್ಷದಲ್ಲಿ ರಬ್ಬರ್ ಏಡಿ ಸರಣಿ ಕೊನೆಗೆ ಬಂತಲ್ಲ, ಆಮೇಲೆ ಅದಕ್ಕೇ ಒಂದು ಅಭಿಮಾನಿ ಸಂಘ ಹುಟ್ಕೊಂಡ್ತು. ಏಡಿ ಗೊಂಬೆ ಯಾವ ಅಂಗಡೀಲೂ ಸಿಗಲಿಲ್ಲ. ಯಾವುದನ್ನಾದ್ರೂ ಸಾಯಿಸ್ಬೇಕು ಅಂತಿದ್ರೆ ಹದಿನಾರಕ್ಕೆ ಹಾಕಿ. ಹದಿನಾರನೇದು ಯಾವುದು ಅಂತ ಅದನ್ನ ತೆಗೆದೋರಿಗೂ ನೆನಪಿರಲ್ಲ."

ನಾನು ಪೆನ್ನು ತೆಗೆದು ಅಂಗೈ ಮೇಲೆ ಹದಿನಾರು ಎಂದು ಬರೆದುಕೊಂಡೆ. ನಿಜವಾಗಿ ಬರೆದುಕೊಂಡೆ. ಇಷ್ಟು ವರ್ಷ ಕಾದಿದ್ದು ಈ ಒಂದು ಕೆಲಸಕ್ಕೇ ಎನ್ನಿಸಿತು. ಹಿಜುಮೆಗೆ ಎಪ್ಪತ್ತೆಂಟು ವರ್ಷ; ಊರೆಲ್ಲ ತಿರುಗಿ 'ಬಿಳಿ ಕಣಿವೆ'ಯ ಬಗ್ಗೆಯೇ ಭಾಷಣ ಮಾಡುವವನು. ಅದು ಹದಿನಾರಕ್ಕೆ ಬಿದ್ದರೆ ಅವನ ಮುಖ ಹೇಗಿರುತ್ತದೆ ಎಂದು ನೆನೆಸಿಕೊಂಡೇ ನನ್ನ ಬಾಯಲ್ಲಿ ನೀರೂರಿತು.

"ಮೊದಲನೇದಕ್ಕೆ ಏನು ಸಿಗುತ್ತೆ?" ಎಂದು ಸುಮ್ಮನೆ ಕೇಳಿದೆ.

"ಅದೇ ದೊಡ್ಡ ಸುದ್ದಿ. ಕಂಪನಿಯೋರು ಗೋದಾಮಿಂದ ಮೂಲ ನೆಗೆಟಿವ್ ತೆಗೆಸಿ, ಒಂದೊಂದು ಫ್ರೇಮನ್ನೂ ತೊಳೆದು ಹೊಸದು ಮಾಡ್ತಾರೆ. ನವೆಂಬರ್‌ನಲ್ಲಿ ಇಕೆಬುಕುರೊದ ದೊಡ್ಡ ಚಿತ್ರಮಂದಿರದಲ್ಲಿ ತೋರಿಸ್ತಾರೆ. ಸವೆದು ಹೋಗಿರೋ ಹಳೇ ಕ್ಯಾಸೆಟ್ ನೋಡಿ ನೋಡಿ ಸಾಕಾಗಿದೆ ಜನಕ್ಕೆ. ಇನ್ಮೇಲೆ ರಾಯ್‌ಗಿನ್ ಬೆರಳಿನ ಹೊಲಿಗೆನೂ ಎಣಿಸ್ಬಹುದು."

ಬೆರಳು ಎಂಬ ಮಾತಿಗೆ ನಾನು ಪೆನ್ನು ಕೆಳಗಿಟ್ಟೆ. ಅವನು ಎದ್ದು ಹೋದ ಮೇಲೆ ಅಂಗೈ ಮೇಲಿದ್ದ ಹದಿನಾರನ್ನು ಉಗುಳು ಹಚ್ಚಿ ಉಜ್ಜಿ ಅಳಿಸಿದೆ.

ಯಾಕೆ ಎಂದು ಹೇಳಬೇಕಾದರೆ ಇಪ್ಪತ್ತಾರು ವರ್ಷದ ಹಿಂದೆ 'ಬಿಳಿ ಕಣಿವೆ' ತೆಗೆದ ಕಲ್ಲುಗಣಿಗೇ ಹೋಗಬೇಕು. ರಾಯ್‌ಗಿನ್ ಹೊಡೆದಾಡುವುದೆಲ್ಲ ಕಲ್ಲುಗಣಿಯಲ್ಲೇ. ಬೇರೆ ಗ್ರಹ ಎಂದರೂ ಅದೇ, ನರಕ ಎಂದರೂ ಅದೇ. ಆ ದಿನ ಅಣ್ಣನಿಗೆ ಒಣ ಬಟ್ಟೆ, ಅನ್ನದ ಉಂಡೆ ಕೊಟ್ಟುಬರಲು ನಾನೂ ಹೋಗಿದ್ದೆ. ಅಣ್ಣನ ಹೆಸರು ನುಕಾದಾ ತೆತ್ಸುಹಿರೊ. ಒಂಬತ್ತು ವರ್ಷ ಆ ಬೆಳ್ಳಿ ವೇಷದ ಒಳಗಿದ್ದವನು ಅವನು. ಮುಖವಾಡ ತೆಗೆದಾಗ ಕಾಣುವ ಚೆಲುವ ಬೇರೆಯವನು. ಒದೆಯುವುದು, ಹಾರುವುದು, ಬೀಳುವುದು ಅಣ್ಣ. ಅಂಥವರನ್ನು 'ಒಳಗಿನವರು' ಎನ್ನುತ್ತೇವೆ.

ಬೆಳಗ್ಗೆ ಮಳೆ ಬಂದಿತ್ತು. ಬಂಡೆಯ ಅಂಚಿನಿಂದ ತಂತಿ ಹಿಡಿದು ಕೆಳಗೆ ತೂಗುವ ದೃಶ್ಯ. ಅಣ್ಣ ಆರು ಸಲ ಮಾಡಿದ. ಸಹಾಯಕ ಬಂದು, ತಂತಿ ಜಾರುತ್ತಿದೆ, ಅಣ್ಣನ ಕಾಲು ನಡುಗುತ್ತಿದೆ ಎಂದ. ಹಿಜುಮೆ ಕೊಡೆಯ ಕೆಳಗೆ ಕೂತು, "ಮುಖವಾಡದಲ್ಲಿ ಸುಸ್ತು ಕಾಣಲ್ಲ, ಹತ್ತಿಸಿ" ಎಂದ. ಏಳನೆಯ ಸಲ ತಂತಿ ಬಿಟ್ಟಿತು. ಅಣ್ಣ ಬೀಳುವಾಗ ಎಡಗೈ ಬಿಚ್ಚಿ ಬಂಡೆಯ ಒಂದು ಚೂಪನ್ನು ಹಿಡಿದುಕೊಂಡ. ಆ ಕಲ್ಲು ಕಿತ್ತು ಬಂತು. ಅವನು ಕೆಳಗೆ ಹಾಸಿದ್ದ ಮೆತ್ತೆಯ ಮೇಲೆ ಬೀಳಲಿಲ್ಲ.

ಕ್ಯಾಮೆರಾ ಓಡುತ್ತಲೇ ಇತ್ತು. ಆ ಬೀಳುವಿಕೆ ಸಿನಿಮಾದಲ್ಲೇ ಇದೆ. ಜನ ಅದಕ್ಕೇ ಚಪ್ಪಾಳೆ ಹೊಡೆಯುತ್ತಾರೆ.

ಆಸ್ಪತ್ರೆಗೆ ಅಣ್ಣನ ಸಾಹಸ ಸಂಘದ ಮುಖ್ಯಸ್ಥ ಒಂದು ಕರಬೂಜ ಹಣ್ಣು ಹಿಡಿದುಕೊಂಡು ಬಂದ. ರಾಯ್‌ಗಿನ್‌ಗೆ ಏಟಾಗಿದೆ ಎಂದು ಮಕ್ಕಳಿಗೆ ಗೊತ್ತಾಗಬಾರದು, ಬಾಯಿ ಮುಚ್ಚಿಕೊಂಡಿರಿ ಎಂದು ತಲೆ ಬಾಗಿಸಿದ. ಅಣ್ಣ ಮಲಗಿದಲ್ಲೇ ತಾನೂ ತಲೆ ಬಾಗಿಸಿದ. ಕೊನೆಯ ಹೆಸರುಗಳ ಪಟ್ಟಿಯಿಂದ ಅವನ ಹೆಸರು ಹೋಯಿತು. ಅಷ್ಟಕ್ಕೇ ಮುಗಿದಿದ್ದರೆ ನಾನೂ ಹಲ್ಲು ಕಚ್ಚಿಕೊಂಡು ಇದ್ದುಬಿಡುತ್ತಿದ್ದೆನೇನೋ. ಆದರೆ ಆ ದೃಶ್ಯ ಹೇಗೆ ತೆಗೆದಿರಿ ಎಂದು ಪತ್ರಕರ್ತರು ಕೇಳತೊಡಗಿದಾಗ ಹಿಜುಮೆ ಒಂದು ಕಥೆ ಕಟ್ಟಿದ: "ಅದು ಬೊಂಬೆ. ಒಳಗೆ ಹುಲ್ಲು, ಮರಳು. ಕೀಲುಗಳನ್ನು ನಾನೇ ಕೂರಿಸಿದೆ. ಮುಷ್ಟಿ ಕಟ್ಟಿ ಕೈಗವಸು ಹೊಲಿದವನೂ ನಾನೇ." ಬೊಂಬೆ ಮಾಡಿದ ಜಾಣತನಕ್ಕೆ ಅವನಿಗೆ ಪ್ರಶಸ್ತಿಯೂ ಬಂತು. ಅದರ ಬಗ್ಗೆ ಲೇಖನ ಬರೆದವಳು ನಾನು. ಒಳಗಿನವರ ಹೆಸರು ಬರೆದರೆ ಕಂಪನಿಯವರು ಕೆಂಪು ಪೆನ್ನಿನಲ್ಲಿ ಹೊಡೆದುಹಾಕುತ್ತಾರೆ. ಮೂರು ಸಲ ಬರೆದೆ, ಮೂರು ಸಲವೂ ಹೊಡೆದರು.

ಹಳೆಯ ಪ್ರತಿಗಳಲ್ಲಿ ಆ ಕೈ ಮಸುಕು ಮಸುಕು. ತೊಳೆದ ನೆಗೆಟಿವ್‌ನಲ್ಲಿ ಅದು ಬಿಚ್ಚಿಕೊಳ್ಳುವುದು ಕಾಣುತ್ತದೆ. ಮುಷ್ಟಿ ಕಟ್ಟಿ ಹೊಲಿದ ಬೊಂಬೆ ಬೆರಳು ಬಿಚ್ಚಿ ಕಲ್ಲು ಹಿಡಿಯುವುದಿಲ್ಲ. ಅದಕ್ಕೆ 'ಬಿಳಿ ಕಣಿವೆ' ಮೊದಲನೆಯದಾಗಿ ಬರಬೇಕಿತ್ತು. ಸತ್ತರೂ ಬರಬೇಕಿತ್ತು.

ಸಂಜೆ ಅಣ್ಣನಿಗೆ ಹೇಳಿದೆ. ನಾವಿಬ್ಬರೂ ಒಂದೇ ಮನೆಯಲ್ಲಿರುವುದು. ನನ್ನ ಮದುವೆ ನಾಲ್ಕು ವರ್ಷ ನಡೆದು ಮುರಿಯಿತು. ಗಂಡನ ಮನೆಯ ಹೆಸರು ಒಗಿಸೊ ಮಾತ್ರ ಉಳಿಯಿತು. ಹಿಜುಮೆಗೆ ನಾನು ಯಾರ ತಂಗಿ ಎಂದು ಗೊತ್ತಾಗದೆ ಇದ್ದದ್ದು ಅದರಿಂದಲೇ. ಅಣ್ಣ ಬೆಳಗ್ಗೆ ಹೊತ್ತು ಕೆಳಗಿನ ಅಂಗಡಿಯಲ್ಲಿ ಕೊರೊಕ್ಕೆ ಎಂಬ ಆಲೂಗಡ್ಡೆ ಕಟ್ಲೆಟ್ ಕರಿಯುತ್ತಾನೆ, ಎತ್ತರದ ಸ್ಟೂಲಿನ ಮೇಲೆ ಕೂತು.

"ಸುಮಿ, ಹಿಜುಮೆನ ಕಟ್ಕೊಂಡು ನನಗೇನಾಗ್ಬೇಕು?" ಎಂದ, ಚೀನಿ ಎಲೆಕೋಸು ಹೆಚ್ಚುತ್ತಾ. "ಆ ಶಾಟ್ ಇಟ್ಕೊಳಿ ಅಂತ ಹೇಳಿ ಕಳಿಸಿದ್ದು ನಾನೇ ಕಣೇ. ಅಷ್ಟು ಚೆನ್ನಾಗಿ ಬಿದ್ದಿದ್ದೆ, ಬಿಸಾಕ್ತಾರೇನು?"

"ಬೊಂಬೆ ಅಂದ್ನಲ್ಲ ಅಣ್ಣಾ! ಹುಲ್ಲು ಅಂದ!"

ಅವನ ಕೈ ನಿಂತಿತು. "ಹೂಂ. ಅದೊಂದು ಅನ್ನಬಾರದಿತ್ತು."

"ಹಾಗಾದ್ರೆ ನೀನೇ ಯಾರ ಹತ್ರನಾದ್ರೂ ಹೇಳ್ಬಹುದಿತ್ತು. ಇಷ್ಟು ವರ್ಷ."

"ಒಳಗಿನವನು ತನ್ನ ಹೆಸರು ತಾನೇ ಹೇಳ್ಕೊಳಲ್ಲ. ನಮ್ಮ ಸಂಘದಲ್ಲಿ ಮೊದಲನೇ ದಿನ ಕಲಿಸೋದು ಅದು, ಒದೆಯೋದು ಆಮೇಲೆ. ಬೇರೆ ಯಾರಾದ್ರೂ ಹೇಳ್ಬೇಕು." ಮತ್ತೆ ಹೆಚ್ಚತೊಡಗಿದ. "ಒಂದ್ಸಲ ಸಾಕು. ಆ ಬೀಳೋದನ್ನ ನೋಡಿದ ಜನದ ಮುಂದೆ, ಬಿದ್ದವನು ನುಕಾದಾ ತೆತ್ಸುಹಿರೊ ಅಂತ ಒಬ್ರ ಬಾಯಲ್ಲಿ ಬಂದ್ರೆ ಸಾಕು. ಹಿಜುಮೆ ಬಾಯೋ ಬೇರೆ ಬಾಯೋ, ನನಗೆ ಎಲ್ಲಾ ಒಂದೇ."

"ಹಿಜುಮೆ ಬಾಯಲ್ಲೇ ಬರಿಸ್ತೀನಿ ನೋಡ್ತಿರು" ಎಂದೆ. ಅವನ ಮಾತಿನ ಕೊನೆಯ ಅರ್ಧ ನನ್ನ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಜುಲೈನಲ್ಲಿ ತೀರ್ಪುಗಾರರ ಸಭೆ. ಅಭಿಮಾನಿಗಳ ಓಟಿನಲ್ಲಿ ಎರಡನೆಯ ಸರಣಿ ಮೊದಲಿತ್ತು, 'ಬಿಳಿ ಕಣಿವೆ' ಮೂರರಲ್ಲಿತ್ತು. ಐದು ಜನ ಬೆಳಗ್ಗೆ ಒಂಬತ್ತಕ್ಕೆ ಕೂತೆವು. ರಾಯ್‌ಗಿನ್ ಶಾಲೆಗೆ ಮೇಷ್ಟ್ರಾಗಿ ಹೋಗುವ ಸರಣಿ ಇಪ್ಪತ್ತೆರಡನೆಯ ಸ್ಥಾನಕ್ಕೋ ಇಪ್ಪತ್ತಮೂರಕ್ಕೋ ಎಂದು ಒಂದು ಗಂಟೆ ಜಗಳವಾಯಿತು. ಹದಿನಾಲ್ಕನೆಯ ಸರಣಿಯಲ್ಲಿ ಅವನ ಬೈಕನ್ನು ಕುದುರೆ ಮಾಡಿದ್ದು ಪಾಪವೋ ಪುಣ್ಯವೋ ಎಂದು ಇನ್ನೊಂದು ಗಂಟೆ. ಒಬ್ಬರು ಕಣ್ಣೀರೇ ಹಾಕಿದರು. ನಮ್ಮ ಜನವೇ ಹಾಗೆ. ಮನೆಯಲ್ಲಿ ಹೆಂಡತಿಯ ಹುಟ್ಟುಹಬ್ಬ ಮರೆತಾರು, ಆರನೆಯ ಸರಣಿಯ ಇಪ್ಪತ್ತನೆಯ ಕಂತಿನ ರಾಕ್ಷಸನ ಹೆಸರು ಮರೆಯರು.

ಅಡ್ಡ ಬಂದವನು ಸುಗಾನುಮ. ಹಳೆಯ ಆಟಿಕೆ ಮಾರುವ ಅಂಗಡಿಯವನು, ಗಂಟಲು ದೊಡ್ಡದು. "ಎರಡನೇ ಸರಣಿ ಬಿಟ್ರೆ ನಂಗೆ ಬೇರೆ ಇಲ್ಲ" ಎಂದು ಕೈ ಕಟ್ಟಿ ಕೂತುಬಿಟ್ಟ. "ಅಲ್ಲ ಒಗಿಸೊ ಅವರೇ, ಹಿಜುಮೆ ಸಿನಿಮಾ ಅಂದ್ರೆ ನೀವು ಮೂಗು ಮುರಿಯೋರಲ್ವಾ ಒಳಗೊಳಗೆ? ಇವತ್ತೇನು ಆರತಿ ಎತ್ತೋಕೆ ಬಂದಿದ್ದೀರಿ?"

"ಸುಗಾನುಮ ಅವರೇ, ಎರಡನೇ ಸರಣಿಯಲ್ಲಿ ನೀವು ಮತ್ತೆ ಮತ್ತೆ ನೋಡೋ ಒಂದು ದೃಶ್ಯ ಹೇಳಿ."

ಅವನು ಯೋಚಿಸಿದ. ನಾಲ್ಕು ಹೇಳಿದ, ನಾಲ್ಕನ್ನೂ ತಾನೇ ತಳ್ಳಿಹಾಕಿದ.

"ಬಿಳಿ ಕಣಿವೇಲಿ?"

"ಬೀಳೋದು" ಎಂದ ತಕ್ಷಣ. ಆಮೇಲೆ ನಾಲಿಗೆ ಕಚ್ಚಿಕೊಂಡ. "ಆದ್ರೆ ಅದು ಬೊಂಬೆ ಅಲ್ವೇನ್ರೀ. ಹುಲ್ಲಿನ ಬೊಂಬೆಗೆ ಮೊದಲನೇ ಸ್ಥಾನ ಕೊಡೋಕಾಗುತ್ತಾ?"

"ತೊಳೆದ ಮೇಲೆ ನೋಡೋಣ ಬೊಂಬೆ ಹೇಗಿದೆ ಅಂತ" ಎಂದೆ. ಆ ಮಾತು ಸಿಹಿ ತಿಂದ ಹಾಗೆ ಬಾಯಲ್ಲಿ ಉಳಿಯಿತು. ಸುಗಾನುಮ ನನ್ನ ಮುಖವನ್ನು ಎರಡು ಸಲ ನೋಡಿ ಕೈ ಬಿಚ್ಚಿದ. ಮೊದಲನೆಯ ಸ್ಥಾನ 'ಬಿಳಿ ಕಣಿವೆ'ಗೆ ಬಂತು. ಅದರ ಬಗ್ಗೆ ಎರಡು ಪುಟ ಬರೆಯುವ ಕೆಲಸ ನನಗೆ. ಆ ಎರಡು ಪುಟ ಹೊಗಳಿದಷ್ಟು ನಾನು ದೇವರನ್ನೂ ಹೊಗಳಿಲ್ಲ. ಹಬ್ಬಕ್ಕೆ ಹಂದಿ ಕೊಬ್ಬಿಸುವವರು ಹೇಗೆ ಪ್ರೀತಿಯಿಂದ ಮೇವು ಹಾಕುತ್ತಾರೋ ಹಾಗೆ ಒಂದೊಂದು ಪದ ಹಾಕಿದೆ. ಹಿಜುಮೆ ಫೋನ್ ಮಾಡಿ, "ನನ್ನ ಸಿನಿಮಾ ಅರ್ಥ ಆಗಿರೋದು ನಿಮಗೊಬ್ರಿಗೇ ಅಮ್ಮಾ, ವೇದಿಕೆ ಮೇಲೆ ನೀವೇ ಪ್ರಶ್ನೆ ಕೇಳ್ಬೇಕು" ಎಂದ.

"ಕೇಳ್ತೀನಿ ಗುರುಗಳೇ" ಎಂದೆ.

ನವೆಂಬರ್‌ನ ಆ ಭಾನುವಾರ ಮಧ್ಯಾಹ್ನ ಎರಡಕ್ಕೆ ಒಂಬೈನೂರು ಕುರ್ಚಿ ತುಂಬಿದ್ದವು. ಅಣ್ಣನನ್ನು ಮೊದಲನೆಯ ಸಾಲಿನ ಅಂಚಿನಲ್ಲಿ ಕೂರಿಸಿದ್ದೆ, ಕಾಲು ಚಾಚಲು ಜಾಗ ಇರಲಿ ಎಂದು. ಅವನು ಹೊಸ ಕೋಟು ಹಾಕಿಕೊಂಡು, ಕ್ಷೌರ ಮಾಡಿಸಿಕೊಂಡು ಬಂದಿದ್ದ. ಎಲ್ಲಿಗಾದರೂ ಹೀಗೆ ಸಿಂಗರಿಸಿಕೊಂಡು ಹೊರಟದ್ದನ್ನು ನಾನು ನೋಡಿ ವರ್ಷಗಳಾಗಿದ್ದವು.

ಆ ದೃಶ್ಯ ಬಂತು. ಆ ದೊಡ್ಡ ಪರದೆಯ ಮೇಲೆ ಬೆಳ್ಳಿ ದೇಹ ಅಂಚಿನಿಂದ ಕಳಚಿತು. ಎಡಗೈ ಬಿಚ್ಚಿತು. ಐದೂ ಬೆರಳು ಬೇರೆ ಬೇರೆಯಾಗಿ ಚಾಚಿ ಕಲ್ಲನ್ನು ಹಿಡಿದವು, ಉಗುರಿನ ಹತ್ತಿರ ಕೈಗವಸು ಹರಿಯಿತು, ಕಲ್ಲು ಕಿತ್ತು ಬಂತು. ಯಾವಾಗಲೂ ಆ ಕ್ಷಣಕ್ಕೆ ಚಪ್ಪಾಳೆ ಬೀಳುತ್ತಿತ್ತು. ಈ ಸಲ ಒಂದು ಕೈಯೂ ತಟ್ಟಲಿಲ್ಲ. ಕತ್ತಲಲ್ಲಿ ಸುಗಾನುಮನ ದೊಡ್ಡ ಗಂಟಲು ಮಾತ್ರ "ಅಯ್ಯೋ" ಎಂದಿತು.

ದೀಪ ಹತ್ತಿದ ಮೇಲೆ ನಾನೂ ಹಿಜುಮೆಯೂ ವೇದಿಕೆಯ ಮೇಲೆ ಎದುರುಬದುರು ಕೂತೆವು, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಮೈಕ್. ಅವನಿಗೆ ಇನ್ನೂ ಗೊತ್ತಾಗಿರಲಿಲ್ಲ. ಹಿಂದಿನ ಕೋಣೆಯಲ್ಲಿ ಚಹಾ ಕುಡಿಯುತ್ತಾ ಕೂತಿದ್ದವನು ಸಿನಿಮಾವನ್ನೇ ನೋಡಿರಲಿಲ್ಲ.

"ಗುರುಗಳೇ, ಆ ಬೊಂಬೆ ಬಗ್ಗೆ ಹೇಳಿ" ಎಂದೆ.

ಹೇಳಿದ. ಹುಲ್ಲು, ಮರಳು, ಕೀಲು. ಮುಷ್ಟಿ ಕಟ್ಟಿ ಕೈಗವಸು ಹೊಲಿದದ್ದು. ಯಾವಾಗಲೂ ಜನ ನಗುವ ಕಡೆ ನಿಲ್ಲಿಸಿ ಕಾದ. ಯಾರೂ ನಗಲಿಲ್ಲ.

"ಮುಷ್ಟಿ ಹೊಲಿದಿದ್ರಿ. ಸರಿ. ಹಾಗಾದ್ರೆ ಕಲ್ಲು ಹಿಡಿದ ಬೆರಳು ಯಾರದು?"

ನಾನು ಸನ್ನೆ ಮಾಡಿದೆ. ಮಿನೊವಾನಿಗೆ ಮೊದಲೇ ಹೇಳಿಟ್ಟಿದ್ದೆ, ಆ ದೃಶ್ಯ ಇನ್ನೊಮ್ಮೆ ನಿಧಾನವಾಗಿ ಹಾಕಿಸಬೇಕೆಂದು. ಹಿಜುಮೆ ಕತ್ತು ಹೊರಳಿಸಿ ಪರದೆ ನೋಡಿದ. ಅವನ ಕುತ್ತಿಗೆಯ ಬಣ್ಣ ಇಳಿಯುವುದನ್ನು ನಾನು ಎರಡು ಅಡಿ ದೂರದಿಂದ ನೋಡಿದೆ. ಆ ಸುಖವನ್ನು ಸುಳ್ಳು ಎನ್ನಲಾರೆ. ಅಷ್ಟು ವರ್ಷ ಒಳಗೇ ಬೆಂದದ್ದೆಲ್ಲ ಆ ಒಂದು ನಿಮಿಷದಲ್ಲಿ ತಣ್ಣಗಾಯಿತು.

"ಮನುಷ್ಯನೇ" ಎಂದ ಕೊನೆಗೆ. "ಆ ಹುಡುಗನೇ ಆಸ್ಪತ್ರೆಯಿಂದ ಹೇಳಿ ಕಳಿಸಿದ್ದ, ಶಾಟ್ ಕತ್ತರಿಸಿ ಬಿಸಾಕ್ಬೇಡಿ ಅಂತ. ನಾನು ಅವನ ಮಾತು ಉಳಿಸ್ದೆ."

ಕೆಳಗೆ ಅಣ್ಣ ಹೌದೆಂದು ತಲೆ ಆಡಿಸಿದ. ಯಾರೂ ಅವನನ್ನು ನೋಡುತ್ತಿರಲಿಲ್ಲ.

"ಹೆಸರೇನು?" ಎಂದು ಹಿಂದಿನಿಂದ ಯಾರೋ ಕೂಗಿದರು. "ಅವರ ಹೆಸರು ಹೇಳಿ!" ಇನ್ನೊಂದು ಕಡೆಯಿಂದ.

ಹಿಜುಮೆ ಬಾಯಿ ತೆರೆದ. ಮುಚ್ಚಿದ. ನೆಲ ನೋಡಿದ, ಛಾವಣಿ ನೋಡಿದ. ನನಗೆ ಆಗ ಅರ್ಥವಾಯಿತು: ಅವನು ಬಚ್ಚಿಡುತ್ತಿಲ್ಲ, ಅವನಿಗೆ ಗೊತ್ತೇ ಇಲ್ಲ. ಒಂಬತ್ತು ವರ್ಷ ತನ್ನ ರಾಯ್‌ಗಿನ್ ಆಗಿದ್ದವನ ಹೆಸರು ಅವನ ತಲೆಯಲ್ಲಿ ಉಳಿದೇ ಇಲ್ಲ. ಮೈಕನ್ನು ತೊಡೆಯ ಮೇಲೆ ಇಳಿಸಿ ನನ್ನ ಕಡೆ ಬಾಗಿ ಪಿಸುಗುಟ್ಟಿದ: "ಏನಮ್ಮಾ ಅವನ ಹೆಸರು? ನಿಮಗೆ ಗೊತ್ತಿರುತ್ತೆ. ಹೇಳಿ, ನಿಮ್ಮ ದಮ್ಮಯ್ಯ."

ಅಣ್ಣ ನನ್ನನ್ನೇ ನೋಡುತ್ತಿದ್ದ. ಕುರ್ಚಿಯ ತುದಿಗೆ ಬಂದು ಕೂತಿದ್ದ, ಎರಡೂ ಕೈ ಊರುಗೋಲಿನ ಮೇಲೆ, ಇನ್ನೇನು ಕರೆದರೆ ಎದ್ದು ನಿಲ್ಲುವವನ ಹಾಗೆ. ಹೇಳು ಎಂದು ಗಲ್ಲ ಎತ್ತಿದ.

ಆದರೆ ನನಗೆ ಹಿಜುಮೆಯನ್ನು ಅಲ್ಲಿಂದ ಇಳಿಸುವ ಮನಸ್ಸಿರಲಿಲ್ಲ. ಹೆಸರು ಹೇಳಿದರೆ ಅವನು ಅದನ್ನೇ ಹಿಡಿದುಕೊಂಡು, "ಹಾಂ, ಅವನೇ, ನನ್ನ ಪ್ರೀತಿಯ ಹುಡುಗ" ಎಂದು ಅತ್ತು, ಚಪ್ಪಾಳೆ ಗಿಟ್ಟಿಸಿಕೊಂಡು ಹೋಗುತ್ತಿದ್ದ. ಅವನು ಅಲ್ಲೇ ಕೂತು ಬೇಯಬೇಕಿತ್ತು. ಒಂಬೈನೂರು ಜನರ ಮುಂದೆ ಹೆಸರು ಹುಡುಕುತ್ತಾ ಬೇಯಬೇಕಿತ್ತು. ನಾನು ಮೈಕನ್ನು ತುಟಿಯ ಹತ್ತಿರ ತಂದು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

"ನನಗೆ ಗೊತ್ತಿಲ್ಲ ಗುರುಗಳೇ. ನೀವೇ ನೆನಪು ಮಾಡ್ಕೊಳಿ."

ಹಿಜುಮೆ ನೆನಪು ಮಾಡಿಕೊಳ್ಳಲಿಲ್ಲ. ಮೊದಲು ಒಬ್ಬರು ಎದ್ದು ಹೊರಗೆ ಹೋದರು, ಆಮೇಲೆ ಒಂದು ಸಾಲು, ಆಮೇಲೆ ಯಾರೋ ಛೀ ಎಂದರು. ಹಿಜುಮೆ ಎದ್ದು ಬಾಗಿದ, ನೆಟ್ಟಗಾದ, ಮತ್ತೆ ಬಾಗಿದ. ಮಿನೊವಾ ಓಡಿ ಬಂದು ವೇದಿಕೆಯ ಪರದೆ ಎಳೆಸಿದ. ನಾನು ಗೆದ್ದೆ. ಮೆಟ್ಟಿಲು ಇಳಿಯುವಾಗ ಕಾಲು ನೆಲಕ್ಕೆ ತಾಗುತ್ತಿಲ್ಲ ಎನ್ನಿಸುವಷ್ಟು ಗೆದ್ದೆ.

ಅಣ್ಣನ ಕುರ್ಚಿ ಖಾಲಿಯಿತ್ತು. ಅವನು ಸಿಕ್ಕಿದ್ದು ರೈಲು ನಿಲ್ದಾಣದಲ್ಲಿ, ಬೆಂಚಿನ ಮೇಲೆ, ಕೋಟನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು. ಪಕ್ಕದಲ್ಲಿ ಕೂತು, ಹಿಜುಮೆಯ ಮುಖ ನೋಡಿದೆಯಾ, ಕುತ್ತಿಗೆ ನೋಡಿದೆಯಾ ಎಂದು ಒಂದೇ ಸಮನೆ ಬಡಬಡಿಸಿದೆ. ನಾಳೆ ಊರೆಲ್ಲ ಇದೇ ಮಾತು, ಅವನು ಇನ್ನು ಬೀದಿಯಲ್ಲಿ ತಲೆ ಎತ್ತುವುದಿಲ್ಲ ಎಂದೆ. ಅಣ್ಣ ಎಲ್ಲ ಕೇಳಿಸಿಕೊಂಡ.

"ಹೂಂ" ಎಂದ. "ಹೆಸರೂ ನಾಳೆ ಯಾರಾದ್ರೂ ಹುಡುಕಿ ಹಾಕ್ತಾರೆ ಬಿಡು. ಫೋನ್‌ನಲ್ಲಿ ಓದ್ಕೊತಾರೆ."

"ಮತ್ತೆ? ನಿನಗೆ ಬೇಕಾಗಿದ್ದೂ ಅದೇ ತಾನೇ?"

ರೈಲು ಬಂತು. ಬಾಗಿಲು ತೆರೆದುಕೊಂಡಿತು. ಅವನು ಏಳಲಿಲ್ಲ. ನಾನು ತೋಳು ಹಿಡಿಯಲು ಹೋದೆ, ಮೆಲ್ಲಗೆ ಬಿಡಿಸಿಕೊಂಡ. ಇಪ್ಪತ್ತಾರು ವರ್ಷದಲ್ಲಿ ಮೊದಲನೆಯ ಸಲ.

"ಅವನು ಮರೆತಿದ್ದ ಕಣೇ ಸುಮಿ" ಎಂದ. "ನಿನಗೆ ಗೊತ್ತಿತ್ತು."